ಉಂಡ ಮನೆಯ ಜಂತೆ ಎಣಿಸುವವರೇ ಈ ಚಾಲಕರು?

ಫಾರ್ಮುಲಾ ಒನ್ ಕಾರ್ ರೇಸಿನ ಚಾಲಕರು ತಮ್ಮ ತಂಡದ ಪಿಟ್ ಸ್ಟಾಪ್ ತಂತ್ರವನ್ನು, ಅಂದರೆ ಟೈರ್ ಬದಲಿಸಲು ರೇಸಿನ ನಡುವೆ ಕಾರನ್ನು ಯಾವಾಗ ನಿಲ್ಲಿಸಬೇಕೆಂಬ ಲೆಕ್ಕಾಚಾರವನ್ನು, ಬಹಿರಂಗವಾಗಿ ಟೀಕಿಸುವ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನವನ್ನು ಓದಿ ಉಡುಪಿಯ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಮಂಗಳೂರು ಮತ್ತು ಉಡುಪಿಯ ನಡುವೆ ಓಡುವ ಖಾಸಗಿ ಬಸ್ಸುಗಳ ಗ್ಯಾರೇಜೊಂದರಲ್ಲಿ 31 ವರ್ಷ ಮೆಕ್ಯಾನಿಕ್ ಆಗಿ ದುಡಿದು ನಿವೃತ್ತರಾದ ಅವರು ತಮ್ಮ ಹೆಸರನ್ನು ಪ್ರಕಟಿಸಬಾರದೆಂದು ಕೋರಿದ್ದಾರೆ. ಪತ್ರದ ಮುಖ್ಯ ಭಾಗ ಹೀಗಿದೆ:

“ಕೋಟಿಗಟ್ಟಲೆ ಸಂಬಳ ಕೊಡುವುದು ತಂಡ, ಕಾರು ಕಟ್ಟಿಕೊಡುವುದು ತಂಡ, ಎರಡು ಸೆಕೆಂಡಿನಲ್ಲಿ ನಾಲ್ಕು ಚಕ್ರ ಬದಲಿಸಿ ಕಳುಹಿಸುವುದು ತಂಡ. ಗೆದ್ದ ದಿನ ಟ್ರೋಫಿ ಎತ್ತುವವನು ಮಾತ್ರ ಚಾಲಕ. ಸೋತ ದಿನ ಅದೇ ತಂಡವನ್ನು ಲೋಕವೆಲ್ಲ ಕೇಳುವಂತೆ ದೂರುವುದು ಉಂಡ ಮನೆಯ ಜಂತೆ ಎಣಿಸಿದಂತಲ್ಲವೇ? ನಮ್ಮ ಬಸ್ಸಿನ ಡ್ರೈವರ್ ಪ್ರಯಾಣಿಕರ ಎದುರು ‘ಗ್ಯಾರೇಜಿನವರಿಗೆ ಕೆಲಸ ಗೊತ್ತಿಲ್ಲ’ ಎಂದಾಗ ನನಗೆ ಆಗುತ್ತಿದ್ದ ಸಂಕಟ ನನಗೇ ಗೊತ್ತು. ಕಂಬಳದಲ್ಲಿ ಸೋತ ಮೇಲೆ ಓಡಿಸುವವನು ಮೈಕ್ ಹಿಡಿದು ಯಜಮಾನನನ್ನು ದೂರಿದ್ದನ್ನು ಯಾರಾದರೂ ಕಂಡಿದ್ದೀರಾ? ಚಾಲಕರು ಮಾತು ಕಡಿಮೆ ಮಾಡಲಿ ಎಂದ ಫೆರಾರಿಯ ಅಧ್ಯಕ್ಷರೇ ಸರಿ. ಇಂಥ ಮಾತುಗಳನ್ನು ಅಚ್ಚು ಹಾಕುವುದನ್ನು ನೀವು ನಿಲ್ಲಿಸಬೇಕು.”

ಮಾನ್ಯರೇ, ನಿಮ್ಮ ಪತ್ರವನ್ನು ಒಂದಕ್ಕಿಂತ ಹೆಚ್ಚು ಸಲ ಓದಿದ್ದೇನೆ. ಡಿಪೋದ ಮಬ್ಬು ಬೆಳಕಿನಲ್ಲಿ ರಾತ್ರಿಯಿಡೀ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸಿ, ಬೆಳಗಿನ ಮೊದಲ ಟ್ರಿಪ್ಪಿಗೆ ಬಸ್ಸನ್ನು ಸಿದ್ಧಪಡಿಸಿದವರ ಕೆಲಸವನ್ನು ಪ್ರಯಾಣಿಕರ ಎದುರು ಹಗುರಾಗಿ ಆಡಿಕೊಂಡರೆ ಆಗುವ ನೋವನ್ನು ನಾನು ಅಲ್ಲಗಳೆಯಲಾರೆ. ಆದರೆ ರೇಸ್ ಚಾಲಕರು ಪಿಟ್ ಸ್ಟಾಪ್ ತಂತ್ರವನ್ನು ಟೀಕಿಸುವಾಗ ಆ ಟೀಕೆ ನಿಮ್ಮಂಥವರ ಮೇಲೆ ಬೀಳುವುದು ತೀರ ಅಪರೂಪ. ಈ ವ್ಯತ್ಯಾಸವನ್ನು ನಮ್ಮ ಲೇಖನವೇ ಸ್ಪಷ್ಟವಾಗಿ ಹೇಳಬೇಕಿತ್ತು. ಹೇಳದ ಕಾರಣ ಈಗ ವಿವರವಾಗಿ ಬರೆಯುತ್ತಿದ್ದೇನೆ.

ಟ್ರ್ಯಾಕಿನ ಪಕ್ಕದ ದಾರಿಯಾದ ಪಿಟ್ ಲೇನಿನಲ್ಲಿ ಕಾರು ನಿಂತಾಗ ಅದರ ಸುತ್ತ ಮುತ್ತುವವರು ಸುಮಾರು 20 ಮಂದಿ. ಒಂದೊಂದು ಚಕ್ರಕ್ಕೆ ಮೂವರು, ಅಂದರೆ ಗನ್ ಹಿಡಿದು ನಟ್ ಬಿಚ್ಚುವವರು ಒಬ್ಬರು, ಹಳೆಯ ಚಕ್ರ ಎಳೆಯುವವರು ಒಬ್ಬರು, ಹೊಸದನ್ನು ಕೂರಿಸುವವರು ಒಬ್ಬರು. ಹಿಂದೆ ಮುಂದೆ ಜ್ಯಾಕ್ ಹಿಡಿದವರು ಬೇರೆ. 2023ರ ಕತಾರ್ ರೇಸಿನಲ್ಲಿ ಮೆಕ್ಲಾರೆನ್ ತಂಡದವರು ಲ್ಯಾಂಡೊ ನಾರಿಸ್ ಅವರ ಕಾರಿನ ನಾಲ್ಕೂ ಚಕ್ರಗಳನ್ನು 1.80 ಸೆಕೆಂಡಿನಲ್ಲಿ ಬದಲಿಸಿದರು. ಇವರು ನಿಮ್ಮ ಬಳಗದವರು. ಕಾರನ್ನು ಯಾವ ಸುತ್ತಿನಲ್ಲಿ ಒಳಗೆ ಕರೆಯಬೇಕು, ಯಾವ ಟೈರ್ ಹಾಕಬೇಕು ಎಂದು ನಿರ್ಧರಿಸುವವರು ಇವರಲ್ಲ. ಆ ನಿರ್ಧಾರ ಆಗುವುದು ಟ್ರ್ಯಾಕಿನ ಅಂಚಿನ ಪಿಟ್ ವಾಲ್‌ನಲ್ಲಿ ಮತ್ತು ದೂರದ ಕಾರ್ಖಾನೆಯ ಕೋಣೆಯೊಂದರಲ್ಲಿ ಪರದೆಗಳ ಮುಂದೆ ಕುಳಿತ ತಂತ್ರಗಾರರ ನಡುವೆ. ಚಾಲಕರ ದೂರು ಹೋಗುವುದು ಅವರ ಕಡೆಗೆ. ನಿಮ್ಮ ಲೋಕದ ಮಾತಿನಲ್ಲಿ ಹೇಳುವುದಾದರೆ ಅದು ಗ್ಯಾರೇಜಿನ ಮೇಲಿನ ದೂರಲ್ಲ, ಟೈಮಿಂಗ್ ಬರೆದವರ ಮೇಲಿನ ದೂರು.

ಆ ಟೈಮಿಂಗ್ ಎಷ್ಟು ಸೂಕ್ಷ್ಮವೆಂಬುದನ್ನೂ ಹೇಳಬೇಕು. 2010ರಿಂದ ರೇಸಿನ ನಡುವೆ ಇಂಧನ ತುಂಬುವುದಕ್ಕೆ ನಿಷೇಧವಿದೆ. ಆದ್ದರಿಂದ ಪಿಟ್ ಸ್ಟಾಪ್ ಎಂದರೆ ಬಹುಪಾಲು ಟೈರಿನ ಲೆಕ್ಕಾಚಾರ. ಒಣ ರೇಸಿನಲ್ಲಿ ಕನಿಷ್ಠ ಎರಡು ಬಗೆಯ ಟೈರ್ ಬಳಸಲೇಬೇಕು. ಚಕ್ರ ಬದಲಿಸಲು ಎರಡು ಮೂರು ಸೆಕೆಂಡು ಸಾಕಾದರೂ, ಪಿಟ್ ಲೇನಿನಲ್ಲಿ ಗಂಟೆಗೆ 80 ಕಿ.ಮೀ., ಮೊನಾಕೊದಂಥ ಇಕ್ಕಟ್ಟಿನಲ್ಲಿ 60 ಕಿ.ಮೀ. ಮೀರದೆ ಸಾಗಬೇಕಾದ್ದರಿಂದ, ಒಂದು ಸಲ ಒಳಗೆ ಬಂದು ಹೋಗುವುದರಲ್ಲಿ ಒಟ್ಟು 20 ಸೆಕೆಂಡುಗಳ ಆಸುಪಾಸು ಕಳೆದುಹೋಗುತ್ತದೆ. ಆ ನಷ್ಟವನ್ನು ಯಾವಾಗ ಹೊರಬೇಕೆಂಬುದೇ ತಂತ್ರ. ಎದುರಾಳಿಗಿಂತ ಒಂದು ಸುತ್ತು ಮೊದಲೇ ಒಳಗೆ ಬಂದು, ಹೊಸ ಟೈರಿನ ಹಿಡಿತದಿಂದ ವೇಗವಾಗಿ ಓಡಿ, ಅವನು ಪಿಟ್ ಮುಗಿಸಿ ಹೊರಬರುವಷ್ಟರಲ್ಲಿ ಮುಂದಾಗುವುದನ್ನು ಅಂಡರ್‌ಕಟ್ ಎನ್ನುತ್ತಾರೆ. ಅಪಘಾತದಂಥ ಸಂದರ್ಭದಲ್ಲಿ ರೇಸನ್ನು ನಿಧಾನಗೊಳಿಸಲು ಮುಂದೆ ಓಡುವ ಸೇಫ್ಟಿ ಕಾರ್ ಬಂದಾಗ ಎಲ್ಲರೂ ನಿಧಾನವಾಗುವುದರಿಂದ ಪಿಟ್ಟಿಗೆ ಬರುವ ನಷ್ಟ ಬಹಳಷ್ಟು ಇಳಿಯುತ್ತದೆ. ಆಗ ಕರೆಯಬೇಕೋ ಬೇಡವೋ ಎಂದು ತೀರ್ಮಾನಿಸಲು ಸಿಗುವುದು ಕೆಲವೇ ಸೆಕೆಂಡು.

ಈ ತೀರ್ಮಾನಕ್ಕೆ ಬೇಕಾದ ಮಾಹಿತಿ ಒಂದೇ ಕಡೆ ಇರುವುದಿಲ್ಲ ಎಂಬುದೇ ನನ್ನ ಉತ್ತರದ ತಿರುಳು. ಎಲ್ಲ ಕಾರುಗಳ ನಡುವಿನ ಅಂತರ, ಎದುರಾಳಿಗಳ ಟೈರಿನ ವಯಸ್ಸು, ಮಳೆಯ ಮುನ್ಸೂಚನೆ, ಇವೆಲ್ಲ ಪಿಟ್ ವಾಲ್‌ನ ಮುಂದಿವೆ. ಚಾಲಕನಿಗೆ ಅವು ಕಾಣವು. ತನ್ನ ಟೈರಿನಲ್ಲಿ ಇನ್ನೂ ಎಷ್ಟು ಜೀವವಿದೆ, ಒದ್ದೆ ಟ್ರ್ಯಾಕಿನ ಯಾವ ತಿರುವು ಒಣಗುತ್ತಿದೆ, ಬ್ರೇಕ್ ಒತ್ತಿದಾಗ ಹಿಂಬದಿ ಜಾರುತ್ತಿದೆಯೇ ಎಂಬುದು ಚಾಲಕನ ಅಂಗೈಗೂ ಬೆನ್ನಿಗೂ ತಿಳಿಯುವ ಸಂಗತಿ. ಸೆನ್ಸರುಗಳು ಅದರಲ್ಲಿ ಒಂದು ಪಾಲನ್ನಷ್ಟೇ ಹೇಳಬಲ್ಲವು. ಹೀಗೆ ಅರ್ಧ ಮಾಹಿತಿ ತನ್ನ ಕೈಯಲ್ಲಿರುವವನಿಗೆ ಆ ತೀರ್ಮಾನವನ್ನು ಪ್ರಶ್ನಿಸುವ ಹಕ್ಕು ಇದ್ದೇ ಇದೆ. ಅದೇ ಕಾರಣಕ್ಕೆ ತೀರ್ಮಾನ ತಪ್ಪಿದಾಗ ಆ ತಪ್ಪಿನಲ್ಲಿ ಅವನಿಗೂ ಪಾಲಿರುತ್ತದೆ. ಚಾಲಕನ ಟೀಕೆಯನ್ನು ನಾನು ಅಳೆಯುವುದು ಈ ಎರಡನ್ನೂ ಜೊತೆಗಿಟ್ಟುಕೊಂಡು.

2022ರ ಮೇ ತಿಂಗಳ ಮೊನಾಕೊ ರೇಸನ್ನು ನೆನೆಯಿರಿ. ಫೆರಾರಿಯ ಶಾರ್ಲ್ ಲೆಕ್ಲೆರ್ ಹುಟ್ಟಿ ಬೆಳೆದ ಊರದು. ಹಿಂದಿನ ವರ್ಷ ಅಲ್ಲಿ ಪೋಲ್ ಪೊಸಿಷನ್ (ಹೊರಡುವ ಸಾಲಿನ ಮೊದಲ ಸ್ಥಾನ) ಗಳಿಸಿಯೂ ಕಾರು ಕೆಟ್ಟು ರೇಸನ್ನು ಆರಂಭಿಸಲಾಗದೆ ನಿಂತಿದ್ದ ಅವರು ಆ ವರ್ಷ ಮತ್ತೆ ಮೊದಲ ಸ್ಥಾನದಿಂದ ಹೊರಟರು. ಪಕ್ಕದಲ್ಲಿ ಸಹಚಾಲಕ ಕಾರ್ಲೋಸ್ ಸೈನ್ಜ್, ಹಿಂದೆ ರೆಡ್ ಬುಲ್‌ನ ಇಬ್ಬರು. ಮಳೆ ಬಂದು ರೇಸ್ ತಡವಾಯಿತು, ಬಳಿಕ ಟ್ರ್ಯಾಕ್ ಒಣಗತೊಡಗಿತು. ರೆಡ್ ಬುಲ್ ತಂಡ ಸರ್ಜಿಯೊ ಪೆರೆಜ್ ಅವರನ್ನು ಬೇಗನೆ ಒಳಗೆ ಕರೆದು ಅರೆ ಒದ್ದೆ ಟ್ರ್ಯಾಕಿಗೆ ತಕ್ಕ ಇಂಟರ್‌ಮೀಡಿಯೆಟ್ ಟೈರ್ ಹಾಕಿತು. ಫೆರಾರಿ ಲೆಕ್ಲೆರ್ ಅವರನ್ನು ಕರೆದದ್ದು ಅದಾದ ಎರಡು ಸುತ್ತಿನ ಮೇಲೆ, 18ನೇ ಸುತ್ತಿನಲ್ಲಿ. ಅಷ್ಟರಲ್ಲಿ ಪೆರೆಜ್ ಮುಂದಾಗಿದ್ದರು. ಮೂರೇ ಸುತ್ತು ಕಳೆದು ಫೆರಾರಿ ಒಣ ಟೈರಿಗಾಗಿ ತನ್ನ ಇಬ್ಬರು ಚಾಲಕರನ್ನೂ ಒಟ್ಟಿಗೇ ಕರೆಯಿತು. ಲೆಕ್ಲೆರ್ ಪಿಟ್ ಲೇನಿನೊಳಗೆ ತಿರುಗಿದ ಮೇಲೆ ಹೊರಗೇ ಇರಲು ಹೇಳಿತು. ಆಗ ತಡವಾಗಿತ್ತು. ಸೈನ್ಜ್ ಅವರ ಚಕ್ರ ಬದಲಾಗುವವರೆಗೆ ಅವರ ಹಿಂದೆ ಕಾದು ನಿಂತ ಲೆಕ್ಲೆರ್, ಗೆಲ್ಲುವ ಸ್ಥಾನದಿಂದ ನಾಲ್ಕನೆಯ ಸ್ಥಾನಕ್ಕೆ ಇಳಿದರು. ತಂಡದೊಂದಿಗೆ ಮಾತಾಡುವ ರೇಡಿಯೊದಲ್ಲಿ ಅವರು ಕೂಗಿದ್ದನ್ನು ಎಲ್ಲರೂ ಕೇಳಿದರು. ರೇಸ್ ಮುಗಿದ ಬಳಿಕ ಪತ್ರಕರ್ತರ ಮುಂದೆ, ಇಂಥ ತಪ್ಪುಗಳನ್ನು ಮಾಡಿಕೊಂಡು ಸಾಗಲಾಗದು ಎಂಬರ್ಥದ ಮಾತನ್ನು ಅವರು ನೇರವಾಗಿಯೇ ಆಡಿದರು.

ಇದರ ಇನ್ನೊಂದು ಮುಖವನ್ನು ಕಳೆದ ಲೇಖನದಲ್ಲಿ ನಾವು ಬರೆಯಲಿಲ್ಲ. ಅದೇ ದಿನ, ಅದೇ ತಂಡದಲ್ಲಿ, ಇಂಟರ್‌ಮೀಡಿಯೆಟ್ ಟೈರನ್ನು ಬಿಟ್ಟು ಮಳೆಯ ಟೈರಿನಿಂದ ನೇರವಾಗಿ ಒಣ ಟೈರಿಗೆ ಹೋಗೋಣ ಎಂದು ಹಟ ಹಿಡಿದವರು ಸೈನ್ಜ್. ತಂಡ ಒಪ್ಪಿತು, ಅವರು ಎರಡನೆಯವರಾಗಿ ಮುಗಿಸಿದರು. ಕೆಲವೇ ವಾರಗಳ ಬಳಿಕ ಬ್ರಿಟನ್ನಿನ ಸಿಲ್ವರ್‌ಸ್ಟೋನ್‌ನಲ್ಲಿ ಸೇಫ್ಟಿ ಕಾರ್ ಹಿಂದಿನಿಂದ ಓಟ ಮತ್ತೆ ಆರಂಭವಾಗುವ ಹೊತ್ತಿಗೆ, ಹಳೆಯ ಟೈರಿನಲ್ಲಿದ್ದ ಲೆಕ್ಲೆರ್ ಅವರ ಹಿಂದೆ ಅಂತರ ಬಿಟ್ಟು ನಿಲ್ಲಬೇಕೆಂಬ ಸೂಚನೆಯನ್ನು ಸೈನ್ಜ್ ಅಲ್ಲಿಯೇ, ರೇಡಿಯೊದಲ್ಲೇ ನಿರಾಕರಿಸಿ, ತಮ್ಮ ಮೊದಲ ಗೆಲುವನ್ನು ಪಡೆದರು. ಲೆಕ್ಲೆರ್ ಮತ್ತೆ ನಾಲ್ಕನೆಯವರಾದರು. ರೇಸ್ ಮುಗಿದ ಮೇಲೆ ಆಡುವ ನೂರು ಮಾತಿಗಿಂತ ತೀರ್ಮಾನದ ಗಳಿಗೆಯಲ್ಲಿ ಆಡಿದ ಒಂದು ಮಾತಿಗೆ ಬೆಲೆ ಹೆಚ್ಚು. ಲೆಕ್ಲೆರ್ ಅವರ ಮೇಲೆ ನನಗೆ ಆಗ ಇದ್ದ, ಈಗಲೂ ಇರುವ ಆಕ್ಷೇಪ ಇದೊಂದೇ: ಆ ವರ್ಷ ಅವರು ಕಾರಿನೊಳಗೆ ತುಸು ಹೆಚ್ಚು ಹಟ ಮಾಡಬೇಕಿತ್ತು.

ಹಾಗೆಂದು ಅವರನ್ನು ಕೃತಘ್ನರೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಅದಕ್ಕೆ ಕಾರಣ ಆ ವರ್ಷದ ಜುಲೈ ತಿಂಗಳ ಎರಡು ಭಾನುವಾರಗಳು. ಫ್ರಾನ್ಸ್ ರೇಸಿನಲ್ಲಿ ಮುಂದಿದ್ದ ಲೆಕ್ಲೆರ್ 18ನೇ ಸುತ್ತಿನಲ್ಲಿ ತಾವಾಗಿಯೇ ಹಿಡಿತ ತಪ್ಪಿ ಟೈರ್ ಗೋಡೆಗೆ ಬಡಿದರು. ಆ ದಿನ ಅವರು ಯಾರನ್ನೂ ದೂರಲಿಲ್ಲ. ಇದು ನನ್ನ ತಪ್ಪು, ಇಟಲಿಯ ಇಮೊಲಾದಲ್ಲಿ ಕಳೆದುಕೊಂಡ 7 ಅಂಕ ಮತ್ತು ಇಲ್ಲಿ ಕಳೆದುಕೊಂಡ 25 ಅಂಕ ಸೇರಿ 32 ಅಂಕಗಳಿಗೆ ನಾನೇ ಹೊಣೆ ಎಂದು ಲೆಕ್ಕ ಹಾಕಿ ಒಪ್ಪಿಕೊಂಡರು. ಮುಂದಿನ ಭಾನುವಾರ ಹಂಗೆರಿಯಲ್ಲಿ, ಮೀಡಿಯಂ ಟೈರ್ ಚೆನ್ನಾಗಿದೆ, ಇದರಲ್ಲೇ ಸಾಧ್ಯವಾದಷ್ಟು ಓಡುತ್ತೇನೆ ಎಂದು ಹೇಳುತ್ತಿದ್ದ ಅವರನ್ನು ತಂಡ 39ನೇ ಸುತ್ತಿನಲ್ಲಿ ಒಳಗೆ ಕರೆದು, ತಂಪು ವಾತಾವರಣದಲ್ಲಿ ಬಿಸಿಯೇರದ, ಹೆಚ್ಚು ಗಡಸಾದ ಹಾರ್ಡ್ ಟೈರ್ ಹಾಕಿತು. ಮುಂದೆ ಓಡುತ್ತಿದ್ದವರು ಆರನೆಯವರಾದರು. 10ನೇ ಸ್ಥಾನದಿಂದ ಹೊರಟ ರೆಡ್ ಬುಲ್‌ನ ಮ್ಯಾಕ್ಸ್ ವರ್ಸ್ಟಾಪೆನ್ ಗೆದ್ದರು. ತಮ್ಮ ಅಭಿಪ್ರಾಯವನ್ನು ತಂಡಕ್ಕೆ ತಿಳಿಸಿದ್ದೆ ಎಂದು ಲೆಕ್ಲೆರ್ ಪತ್ರಕರ್ತರಿಗೆ ಹೇಳಿದರೆ, ತಂಡದ ಮುಖ್ಯಸ್ಥ ಮಟ್ಟಿಯಾ ಬಿನೊಟ್ಟೊ ಸಮಸ್ಯೆ ಇದ್ದದ್ದು ತಂತ್ರದಲ್ಲಲ್ಲ, ಕಾರಿನ ವೇಗದಲ್ಲಿ ಎಂದರು. ಒಂದು ವಾರದ ಹಿಂದೆ ತನ್ನ ತಪ್ಪನ್ನು ಅಂಕಿಸಂಖ್ಯೆ ಸಮೇತ ಒಪ್ಪಿಕೊಂಡವನು ಈ ವಾರ ತಂಡದ ತಪ್ಪನ್ನು ಹೆಸರಿಸಿದರೆ ಅದು ಜಂತೆ ಎಣಿಸುವುದಲ್ಲ. ಆಸ್ಟ್ರೇಲಿಯಾ ರೇಸಿನ ಬಳಿಕ ವರ್ಸ್ಟಾಪೆನ್ ಅವರಿಗಿಂತ 46 ಅಂಕ ಮುಂದಿದ್ದವರು ವರ್ಷದ ಕೊನೆಗೆ 146 ಅಂಕ ಹಿಂದೆ ಬಿದ್ದರು. ಆ ಕುಸಿತದಲ್ಲಿ ಅವರ ಪಾಲು, ಎಂಜಿನಿನ ಪಾಲು, ತಂತ್ರದ ಪಾಲು ಎಲ್ಲವೂ ಇದ್ದವು.

ಚಾಲಕನ ಪಾಲನ್ನು ಇನ್ನೂ ಸ್ಪಷ್ಟವಾಗಿ ತೋರಿಸುವುದು 2015ರ ಮೊನಾಕೊ. ಮರ್ಸಿಡಿಸ್‌ನ ಲೂಯಿಸ್ ಹ್ಯಾಮಿಲ್ಟನ್ ನಿರಾಯಾಸವಾಗಿ ಮುಂದಿದ್ದರು. ಕೊನೆಯ ಹಂತದಲ್ಲಿ ಸೇಫ್ಟಿ ಕಾರ್ ಬಂತು. ಟ್ರ್ಯಾಕ್ ಬದಿಯ ದೊಡ್ಡ ಪರದೆಯಲ್ಲಿ ತಮ್ಮ ತಂಡದವರು ಪಿಟ್ಟಿನಲ್ಲಿ ಸಿದ್ಧರಾಗಿ ನಿಂತದ್ದನ್ನು ಕಂಡ ಹ್ಯಾಮಿಲ್ಟನ್, ಹಿಂದಿನವರು ಹೊಸ ಟೈರ್ ಹಾಕಿಕೊಳ್ಳುತ್ತಿದ್ದಾರೆಂದು ಭಾವಿಸಿ, ತಮ್ಮ ಟೈರ್ ತಣ್ಣಗಾಗುತ್ತಿದೆಯೆಂದು ರೇಡಿಯೊದಲ್ಲಿ ಹೇಳಿದರು. ಪಿಟ್ ವಾಲ್‌ನವರು ಅಂತರವನ್ನು ತಪ್ಪಾಗಿ ಲೆಕ್ಕ ಹಾಕಿ ಅವರನ್ನು ಒಳಗೆ ಕರೆದರು. ಎರಡು ಅರ್ಧ ಮಾಹಿತಿಗಳು ಸೇರಿ ಒಂದು ಪೂರ್ಣ ತಪ್ಪಾಯಿತು. ನಿಕೊ ರೋಸ್‌ಬರ್ಗ್ ಗೆದ್ದರು, ಹ್ಯಾಮಿಲ್ಟನ್ ಮೂರನೆಯವರಾದರು. ಅಷ್ಟು ದೊಡ್ಡ ಗೆಲುವು ಕೈಜಾರಿದ ದಿನವೂ ಅವರು ತಂಡವನ್ನು ಹಳಿಯಲಿಲ್ಲ, ತಂಡವೇ ಕ್ಷಮೆ ಕೇಳಿತು. ಅವರ ಆ ದಿನದ ಸಂಯಮವನ್ನು ನಾನು ಬಹಳ ಮೆಚ್ಚುತ್ತೇನೆ.

ಅದೇ ಹ್ಯಾಮಿಲ್ಟನ್ 2022ರ ನೆದರ್ಲೆಂಡ್ಸ್ ರೇಸಿನಲ್ಲಿ, ಸೇಫ್ಟಿ ಕಾರ್ ವೇಳೆ ತಮ್ಮನ್ನು ಹಳೆಯ ಟೈರಿನಲ್ಲೇ ಬಿಟ್ಟು ಮುನ್ನಡೆ ಕಳೆದುಕೊಳ್ಳುವಂತಾದಾಗ, ರೇಡಿಯೊದಲ್ಲಿ ಅಚ್ಚು ಹಾಕಲಾಗದ ಮಾತಾಡಿದರು. ಬಳಿಕ ತಂಡದ ಕ್ಷಮೆ ಕೇಳಿದರು. ಇಲ್ಲಿ ನಾನು ನಿಮ್ಮಲ್ಲಿ ಒಂದು ವಿನಂತಿ ಮಾಡುತ್ತೇನೆ. ರೇಡಿಯೊದ ಮಾತನ್ನೂ ರೇಸ್ ಮುಗಿದ ಮೇಲಿನ ಮಾತನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ರೇಡಿಯೊ ಚಾಲಕನಿಗೂ ಅವನ ರೇಸ್ ಎಂಜಿನಿಯರಿಗೂ ನಡುವಿನ ಕೆಲಸದ ಮಾತು. ಪ್ರಸಾರಕರು ಅದರ ತುಣುಕನ್ನು ಆಯ್ದು ಲೋಕಕ್ಕೆ ಕೇಳಿಸುತ್ತಾರೆ. ಯಕ್ಷಗಾನದ ಚೌಕಿಯಲ್ಲಿ ವೇಷ ಕಟ್ಟುವ ಅವಸರದಲ್ಲಿ ಕಲಾವಿದರು ಆಡಿಕೊಳ್ಳುವ ಮಾತನ್ನು ರಂಗಸ್ಥಳದ ಧ್ವನಿವರ್ಧಕದಲ್ಲಿ ಹಾಕಿದರೆ ಯಾವ ಮೇಳದ ಮರ್ಯಾದೆ ಉಳಿದೀತು? 2024ರ ಹಂಗೆರಿಯಲ್ಲಿ ಪಿಟ್ ತಂತ್ರದಿಂದ ಸ್ಥಾನ ಕಳೆದುಕೊಂಡ ವರ್ಸ್ಟಾಪೆನ್ ರೇಸಿನುದ್ದಕ್ಕೂ ಸಿಡುಕಿದಾಗ, ಅವರ ಎಂಜಿನಿಯರ್ ಜಿಯಾನ್ಪಿಯೆರೊ ಲ್ಯಾಂಬಿಯಾಸ್ ಅದು ಮಕ್ಕಳಾಟವೆಂದು ರೇಡಿಯೊದಲ್ಲೇ ಗದರಿದರು. ಆ ಇಬ್ಬರು ವರ್ಷಗಟ್ಟಲೆ ಒಟ್ಟಿಗೆ ಗೆದ್ದವರು. ಹಾಗೆ ಮಾತಾಡಿಕೊಳ್ಳುವ ಸಲಿಗೆ ಅವರಿಗಿತ್ತು.

ನೀವು ಸರಿಯಾಗಿರುವ ಸಂದರ್ಭವೂ ಒಂದಿದೆ, ಅದನ್ನು ಮರೆಮಾಚಲಾರೆ. 2016ರ ಮೊನಾಕೊದಲ್ಲಿ ರೆಡ್ ಬುಲ್‌ನ ಡೇನಿಯಲ್ ರಿಕಿಯಾರ್ಡೊ ಪೋಲ್‌ನಿಂದ ಹೊರಟು ಮುಂದಿದ್ದರು. ಅವರು ಪಿಟ್ಟಿಗೆ ಬಂದಾಗ ಹಾಕಬೇಕಾದ ಟೈರ್ ಹೊರಗೆ ಬಂದಿರಲೇ ಇಲ್ಲ. ಮೆಕ್ಯಾನಿಕ್‌ಗಳು ಟೈರಿಗಾಗಿ ಗ್ಯಾರೇಜಿನೊಳಗೆ ಓಡಿದ್ದನ್ನು ಲೋಕವೆಲ್ಲ ನೋಡಿತು. ಗೆಲುವು ಹ್ಯಾಮಿಲ್ಟನ್ ಪಾಲಾಯಿತು. ಟೈರಿನ ಆಯ್ಕೆ ಕೊನೆಯ ಗಳಿಗೆಯಲ್ಲಿ ಬದಲಾದದ್ದು ಮತ್ತು ಆ ಸೂಚನೆ ಗ್ಯಾರೇಜಿಗೆ ತಡವಾಗಿ ತಲುಪಿದ್ದು ಕಾರಣ. ಎರಡು ವಾರಗಳ ಹಿಂದೆ ಸ್ಪೇನ್‌ನಲ್ಲೂ ತಂತ್ರದ ಕಾರಣಕ್ಕೆ ಗೆಲುವು ತಪ್ಪಿಸಿಕೊಂಡಿದ್ದ ರಿಕಿಯಾರ್ಡೊ ಅಂದು ತಂಡದ ಮೇಲೆ ಕಹಿಯಾಗಿ ಮಾತಾಡಿದರು. ಅವರ ದುಃಖ ನ್ಯಾಯವಾದದ್ದು. ಆದರೆ ತಪ್ಪು ಆಗಿದ್ದು ತೀರ್ಮಾನ ಮಾಡುವವರಿಂದ, ಕ್ಯಾಮೆರಾದ ಮುಂದೆ ಬರಿಗೈಯಲ್ಲಿ ನಿಂತವರು ಮೆಕ್ಯಾನಿಕ್‌ಗಳು. ಅವರ ತಪ್ಪಿಲ್ಲವೆಂಬ ಒಂದು ವಾಕ್ಯವನ್ನು ಅಂದೇ ಸೇರಿಸಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಿಮ್ಮ ಪತ್ರ ಓದಿದ ಮೇಲೆ ನನಗೂ ಅನ್ನಿಸಿದೆ. 2018ರಲ್ಲಿ ಅದೇ ತಂಡದ ಕಾರು ಅರ್ಧದಾರಿಯಲ್ಲಿ ಶಕ್ತಿ ಕಳೆದುಕೊಂಡರೂ ಅದೇ ಮೊನಾಕೊವನ್ನು ಅವರು ಗೆದ್ದರು.

ಕಂಬಳದ ಹೋಲಿಕೆಗೆ ಬರುತ್ತೇನೆ. 2020ರಲ್ಲಿ ಐಕಳದ ಕರೆಯಲ್ಲಿ (ಕೋಣ ಓಡಿಸುವ ಕೆಸರಿನ ಗದ್ದೆಯಲ್ಲಿ) ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶಕ್ಕೆಲ್ಲ ಗೊತ್ತು. ಗಂತಿನಲ್ಲಿ ಕೋಣಗಳನ್ನು ಬಿಟ್ಟ ಮೇಲೆ ಮಂಜೊಟ್ಟಿ ಮುಟ್ಟುವವರೆಗಿನ ಆ ಹದಿಮೂರು ಹದಿನಾಲ್ಕು ಸೆಕೆಂಡು ಸಂಪೂರ್ಣವಾಗಿ ಓಡಿಸುವವನದು. ಕೋಣಗಳಿಗೆ ಹುರುಳಿ ಬೇಯಿಸಿ ಹಾಕಿದ್ದು, ಹಗ್ಗದ ವಿಭಾಗಕ್ಕೋ ನೇಗಿಲಿನ ವಿಭಾಗಕ್ಕೋ ಇಳಿಸುವುದೆಂದು ತೀರ್ಮಾನಿಸಿದ್ದು, ಎಲ್ಲವೂ ಮೊದಲೇ ಮುಗಿದ ಯಜಮಾನನ ಕೆಲಸ. ಕೋಣ ಅರ್ಧ ಕರೆ ಓಡಿದ ಮೇಲೆ ಯಜಮಾನ ಕೂಗಿ ಹಗ್ಗ ಬದಲಿಸು ಎನ್ನುವುದಿಲ್ಲ. ಒಂದೂವರೆ ಗಂಟೆ ನಡೆಯುವ ರೇಸಿನ ನಡುವೆ, ಚಾಲಕನ ಬೆನ್ನ ಹಿಂದೆ, ಅವನ ಫಲವನ್ನೇ ಬದಲಿಸುವ ತೀರ್ಮಾನಗಳು ಮತ್ತೆ ಮತ್ತೆ ಆಗುತ್ತಿರುತ್ತವೆ. ನಮ್ಮ ಓಟಗಾರರು ಯಜಮಾನರನ್ನು ಮೈಕಿನಲ್ಲಿ ದೂರದಿರುವುದು ಅವರ ದೊಡ್ಡ ಗುಣ ಹೌದು. ದೂರಲು ಅಂಥ ಕಾರಣವೇ ಅಲ್ಲಿ ಹುಟ್ಟುವುದಿಲ್ಲ ಎಂಬುದೂ ನಿಜ.

ಇನ್ನು ಫೆರಾರಿಯ ಅಧ್ಯಕ್ಷರ ಮಾತು. 2025ರ ನವೆಂಬರಿನಲ್ಲಿ, ಬ್ರೆಜಿಲ್‌ನಲ್ಲಿ ಎರಡೂ ಕಾರುಗಳು ರೇಸ್ ಮುಗಿಸದೆ ಹಿಂದಿರುಗಿದ ಬಳಿಕ ಜಾನ್ ಎಲ್ಕನ್ ಅವರು, ಪಿಟ್ ಸ್ಟಾಪ್‌ಗಳಿಗಾಗಿ ಮೆಕ್ಯಾನಿಕ್‌ಗಳನ್ನೂ ಕಾರನ್ನು ಸುಧಾರಿಸಿದ್ದಕ್ಕಾಗಿ ಎಂಜಿನಿಯರುಗಳನ್ನೂ ಹೊಗಳಿ, ಚಾಲಕರು ಓಡಿಸುವುದರ ಕಡೆ ಗಮನ ಕೊಟ್ಟು ಮಾತು ಕಡಿಮೆ ಮಾಡಲಿ ಎಂದರು. ಮೆಕ್ಯಾನಿಕ್‌ಗಳಿಗೆ ಸಂದ ಹೊಗಳಿಕೆ ನಿಮಗೆ ಹಿಡಿಸಿದ್ದು ಸಹಜ. ಆದರೆ ಚಾಲಕರ ಮಾತು ಕಡಿಮೆಯಾಗಲಿ ಎಂಬ ಮಾತನ್ನು ಅಧ್ಯಕ್ಷರೇ ಬಹಿರಂಗವಾಗಿ ಆಡಿದರು. ಮನೆಯ ಮಾತು ಮನೆಯಲ್ಲೇ ಇರಬೇಕೆಂಬ ನಿಯಮವಿದ್ದರೆ ಅದು ಯಜಮಾನನಿಂದ ಶುರುವಾಗಬೇಕು. ಅದೇ ಫೆರಾರಿ 1991ರಲ್ಲಿ, ಕಾರನ್ನು ಲಾರಿಗೆ ಹೋಲಿಸಿದ ಅಲೆನ್ ಪ್ರೊಸ್ಟ್ ಅವರನ್ನು ವರ್ಷದ ಕೊನೆಯ ರೇಸಿಗೆ ಮೊದಲೇ ಕೆಲಸದಿಂದ ತೆಗೆದಿತ್ತು. ಪ್ರೊಸ್ಟ್ ಹೋದರು; ಮುಂದಿನ ಎರಡು ವರ್ಷ ಫೆರಾರಿ ಒಂದು ರೇಸನ್ನೂ ಗೆಲ್ಲಲಿಲ್ಲ.

ತಂಡ ತಾನೇ ತಪ್ಪೊಪ್ಪಿಕೊಂಡ ಸಂದರ್ಭಗಳನ್ನು ನೋಡಿ. 2018ರ ಆಸ್ಟ್ರಿಯಾದಲ್ಲಿ ವರ್ಚುವಲ್ ಸೇಫ್ಟಿ ಕಾರ್ (ಸೇಫ್ಟಿ ಕಾರನ್ನು ಇಳಿಸದೆಯೇ ಎಲ್ಲರೂ ನಿಧಾನವಾಗಿ ಓಡಬೇಕೆಂಬ ಸೂಚನೆ) ವೇಳೆ ಮುಂದಿದ್ದ ಹ್ಯಾಮಿಲ್ಟನ್ ಅವರನ್ನು ಒಳಗೆ ಕರೆಯದೆ ಮರ್ಸಿಡಿಸ್ ತಪ್ಪು ಮಾಡಿತು. ಆಗ ತಂತ್ರದ ಮುಖ್ಯಸ್ಥ ಜೇಮ್ಸ್ ವೌಲ್ಸ್, ರೇಸ್ ನಡೆಯುತ್ತಿರುವಾಗಲೇ, ಲೋಕ ಕೇಳುತ್ತಿದೆಯೆಂದು ತಿಳಿದೂ, ರೇಡಿಯೊಗೆ ಬಂದು ಈ ಗೆಲುವನ್ನು ಕೈಚೆಲ್ಲಿದವನು ನಾನೇ ಎಂದರು. 2025ರ ಕತಾರ್ ಇನ್ನೂ ಹತ್ತಿರದ ಉದಾಹರಣೆ. ಒಂದು ಸೆಟ್ ಟೈರಿನಲ್ಲಿ 25 ಸುತ್ತಿಗಿಂತ ಹೆಚ್ಚು ಓಡಬಾರದೆಂಬ ನಿಯಮ ಅಂದು ಇತ್ತು. ರೇಸ್ 57 ಸುತ್ತುಗಳದು. 7ನೇ ಸುತ್ತಿನಲ್ಲಿ ಸೇಫ್ಟಿ ಕಾರ್ ಬಂದಾಗ ಉಳಿದದ್ದು ಸರಿಯಾಗಿ 50 ಸುತ್ತು, ಅಂದರೆ ಎರಡು ಸೆಟ್ ಟೈರಿಗೆ ತಕ್ಕಷ್ಟು. ಬಹುತೇಕ ಎಲ್ಲ ತಂಡಗಳೂ ತಮ್ಮ ಕಾರುಗಳನ್ನು ಒಳಗೆ ಕರೆದವು. ಮೆಕ್ಲಾರೆನ್ ಮಾತ್ರ ಮೊದಲ ಸ್ಥಾನದಲ್ಲಿದ್ದ ಆಸ್ಕರ್ ಪಿಯಾಸ್ಟ್ರಿ ಅವರನ್ನೂ ಅವರ ಸಹಚಾಲಕ ನಾರಿಸ್ ಅವರನ್ನೂ ಹೊರಗೇ ಬಿಟ್ಟಿತು. ವರ್ಸ್ಟಾಪೆನ್ ಗೆದ್ದರು, ಪಿಯಾಸ್ಟ್ರಿ ಎರಡನೆಯವರು, ನಾರಿಸ್ ನಾಲ್ಕನೆಯವರು. ವಿಶ್ವಪಟ್ಟದ ಪೈಪೋಟಿ ಕೊನೆಯ ರೇಸಿಗೆ ಉಳಿಯಿತು. ಮುಖ್ಯಸ್ಥ ಆಂಡ್ರಿಯಾ ಸ್ಟೆಲ್ಲಾ ಅದು ತಪ್ಪು ತೀರ್ಮಾನವೆಂದು ಅಂದೇ ಒಪ್ಪಿಕೊಂಡರು. ಮಾತೇ ಹೊರಡುತ್ತಿಲ್ಲ ಎಂದ ಪಿಯಾಸ್ಟ್ರಿ, ಅದಕ್ಕಿಂತ ಕಟುವಾಗಿ ತಂಡವನ್ನು ದೂರಬೇಕಾದ ಪ್ರಸಂಗ ಬರಲಿಲ್ಲ. ಮುಂದಿನ ವಾರ ಅಬುಧಾಬಿಯಲ್ಲಿ ನಾರಿಸ್ ಕೇವಲ 2 ಅಂಕಗಳಿಂದ ವಿಶ್ವಚಾಂಪಿಯನ್ ಆದರು.

ಕೊನೆಯದಾಗಿ ನಿಮ್ಮ ಬೇಡಿಕೆ. ಚಾಲಕರ ಟೀಕೆಯನ್ನು ಪ್ರಕಟಿಸುವುದನ್ನು ನಾವು ನಿಲ್ಲಿಸಲಾರೆವು. ಟೈರ್ ತಂತ್ರ ಹೇಗೆ ತಪ್ಪಿತೆಂದು ಓದುಗರಿಗೆ ತಿಳಿಯುವ ದಾರಿಗಳಲ್ಲಿ ಅದೂ ಒಂದು. ಆದರೆ ಕಳೆದ ಲೇಖನದಲ್ಲಿ ನಾವು ಲೆಕ್ಲೆರ್ ಅವರ ರೇಡಿಯೊ ಕೂಗನ್ನೇ ತಲೆಬರಹ ಮಾಡಿ, ಅವರು ಶಾಂತವಾಗಿ ಆಡಿದ ಮಾತನ್ನು ಒಳಪುಟದ ಮೂಲೆಗೆ ತಳ್ಳಿದ್ದೆವು. ಅದು ನಮ್ಮ ತಪ್ಪು. ಇನ್ನು ಮುಂದೆ ರೇಡಿಯೊದ ಮಾತನ್ನು ಅಚ್ಚು ಹಾಕುವಾಗ ಅದು ಯಾವ ಸುತ್ತಿನ ಮಾತು, ಅದಕ್ಕೂ ಮೊದಲು ಚಾಲಕ ತಂಡಕ್ಕೆ ಏನು ಹೇಳಿದ್ದ, ಟೀಕೆ ಪಿಟ್ ವಾಲ್‌ನ ಮೇಲೋ ಚಕ್ರ ಬದಲಿಸಿದವರ ಮೇಲೋ ಎಂಬುದನ್ನು ಅದೇ ಪ್ಯಾರಾದಲ್ಲಿ ಬರೆಯುತ್ತೇವೆ. ಬಸ್ಸಿನ ಗ್ಯಾರೇಜಿನ ಆ 31 ವರ್ಷಗಳ ಬಗ್ಗೆ ನೀವು ನಮಗೊಂದು ಲೇಖನ ಬರೆದುಕೊಟ್ಟರೆ ಸಂತೋಷದಿಂದ ಪ್ರಕಟಿಸುತ್ತೇವೆ; ಹೆಸರು ಹಾಕಬೇಕೋ ಬೇಡವೋ ಎಂಬುದು ಆಗಲೂ ನಿಮ್ಮ ಇಷ್ಟ.

— ಸಂಪಾದಕ